ಹಣವಿದ್ದೂ ಬ್ಯಾರನ್ ಹಿರ್ಷ್ ಯೋಜನೆ ಕೈಗೂಡಲಿಲ್ಲವೇಕೆ?

ಪ್ರಶ್ನೆ: ರಷ್ಯಾದ ಯಹೂದಿಗಳನ್ನು ಅರ್ಜೆಂಟೀನಾದಲ್ಲಿ ನೆಲೆಗೊಳಿಸಲು ಬ್ಯಾರನ್ ಹಿರ್ಷ್ ಅಪಾರ ಹಣ ಸುರಿದರು. ಆದರೂ ಆ ಯೋಜನೆ ವಿಫಲವಾದದ್ದು ಏಕೆ?

ಉತ್ತರ: ವಸಾಹತುಗಳು ನಿರ್ಮಾಣವಾದವು, ಜನರೂ ಬಂದರು. ಆದರೆ ಹಿರ್ಷ್ ತಾವೇ ಹಾಕಿಕೊಂಡ ಗುರಿಯ ಹತ್ತಿರಕ್ಕೂ ಅದು ಹೋಗಲಿಲ್ಲ. 25 ವರ್ಷಗಳಲ್ಲಿ 30 ಲಕ್ಷಕ್ಕೂ ಹೆಚ್ಚು ಜನರನ್ನು ರಷ್ಯಾದಿಂದ ಹೊರತರಬೇಕೆಂಬುದು ಅವರ ಲೆಕ್ಕಾಚಾರವಾಗಿತ್ತು. 1896ರಲ್ಲಿ ಅವರು ತೀರಿಕೊಂಡಾಗ ಅರ್ಜೆಂಟೀನಾದ ವಸಾಹತುಗಳಲ್ಲಿ ಇದ್ದವರು ಸುಮಾರು 7 ಸಾವಿರ ಮಂದಿ ಮಾತ್ರ.

1831ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿದ ಮಾರಿಸ್ ದ ಹಿರ್ಷ್, ಒಟ್ಟೋಮನ್ ಸಾಮ್ರಾಜ್ಯದಲ್ಲಿ ರೈಲುಮಾರ್ಗ ಕಟ್ಟಿಸಿ ಶ್ರೀಮಂತರಾದವರು. 1887ರಲ್ಲಿ ಒಬ್ಬನೇ ಮಗ ಲೂಸಿಯೆನ್ ತೀರಿಕೊಂಡ ಮೇಲೆ, ಇನ್ನು ಮಾನವಕುಲವೇ ತಮ್ಮ ವಾರಸುದಾರ ಎಂದು ಅವರು ಹೇಳಿದ್ದು ಬಾಯಿಮಾತಾಗಿರಲಿಲ್ಲ. ಮೊದಲು ರಷ್ಯಾದೊಳಗೇ ಯಹೂದಿಗಳ ಶಿಕ್ಷಣಕ್ಕಾಗಿ 5 ಕೋಟಿ ಫ್ರಾಂಕ್ ಕೊಡಲು ಮುಂದಾದರು. ಹಣದ ಹಿಡಿತ ತನ್ನ ಕೈಯಲ್ಲೇ ಇರಬೇಕೆಂದು ಅಲ್ಲಿನ ಸರ್ಕಾರ ಹಟ ಹಿಡಿದದ್ದರಿಂದ ಅದು ಮುರಿದುಬಿತ್ತು. 1891ರಲ್ಲಿ ಮಾಸ್ಕೋದಿಂದ ಯಹೂದಿಗಳನ್ನು ಹೊರದಬ್ಬಲಾಯಿತು. ಅದೇ ವರ್ಷ ಹಿರ್ಷ್ 20 ಲಕ್ಷ ಪೌಂಡ್ ಬಂಡವಾಳದೊಂದಿಗೆ ಯಹೂದಿ ವಸಾಹತು ಸಂಘವನ್ನು ಸ್ಥಾಪಿಸಿದರು.

ಅರ್ಜೆಂಟೀನಾವನ್ನೇ ಅವರು ಆರಿಸಿಕೊಂಡದ್ದರ ಹಿಂದೆ ಒಂದು ಸಂಕಟದ ಕಥೆಯಿದೆ. 1889ರ ಆಗಸ್ಟ್‌ನಲ್ಲಿ ವೇಸರ್ ಎಂಬ ಹಡಗಿನಲ್ಲಿ 800ಕ್ಕೂ ಹೆಚ್ಚು ಯಹೂದಿಗಳು ತಾವಾಗಿಯೇ ಬ್ಯೂನಸ್ ಐರಿಸ್ ತಲುಪಿದ್ದರು. ಖರೀದಿಸಿದ್ದ ಜಮೀನು ಅವರ ಕೈಗೆ ಸಿಗಲಿಲ್ಲ. ಸಾಂತಾ ಫೆ ಪ್ರಾಂತದ ಪಲಾಸಿಯೋಸ್ ಎಂಬ ರೈಲು ನಿಲ್ದಾಣದಲ್ಲಿ, ಗೂಡ್ಸ್ ಡಬ್ಬಿಗಳಲ್ಲಿ ಸಂಸಾರಗಳು ದಿನ ನೂಕಿದವು. ದಾರಿಹೋಕರು ಕೊಟ್ಟದ್ದನ್ನು ಮಕ್ಕಳು ತಿಂದರು. ಜ್ವರ ಹಬ್ಬಿ ಹತ್ತಾರು ಮಕ್ಕಳು ಸತ್ತರು. ಆ ದಾರಿಯಲ್ಲಿ ಬಂದ ವಿಲ್ಹೆಲ್ಮ್ ಲೋವೆಂಥಾಲ್ ಎಂಬ ವೈದ್ಯರು ಅವರ ಸ್ಥಿತಿ ಕಂಡು ಯುರೋಪಿಗೆ ವರದಿ ಒಯ್ದರು. ಅದು ಹಿರ್ಷ್ ಅವರ ಮನ ಮುಟ್ಟಿತು. ಬದುಕುಳಿದವರು ಕಟ್ಟಿದ ಊರೇ ಮೊಯ್ಸೆಸ್ ವಿಲ್ಲೆ.

ಸೋಲಿಗೆ ಮಿಡತೆಯ ಹಾವಳಿ, ಅನಾವೃಷ್ಟಿಗಳನ್ನು ಕಾರಣವಾಗಿ ಹೇಳುವುದುಂಟು. ಅವು ನಿಜವೇ. ರಷ್ಯಾದ ಕಾನೂನು ಹಳ್ಳಿಗಳಿಂದ ದೂರವಿಟ್ಟಿದ್ದ ಜನರಲ್ಲಿ ನೇಗಿಲು ಹಿಡಿದವರು ಕಡಿಮೆ ಎಂಬುದೂ ನಿಜ. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ದೊಡ್ಡ ಕಾರಣ ಸಂಘವು ವಲಸಿಗರೊಂದಿಗೆ ಮಾಡಿಕೊಂಡ ಕರಾರುಪತ್ರ. ಜಮೀನು, ಎತ್ತು, ಮನೆ ಎಲ್ಲವೂ ಸಾಲದ ಲೆಕ್ಕದಲ್ಲಿ ಬರುತ್ತಿದ್ದವು. ಕಂತು ತೀರುವ ತನಕ ಹಕ್ಕುಪತ್ರವಿಲ್ಲ. ಹೊಲದ ಬಳಿಯಿದ್ದ ಆಡಳಿತಾಧಿಕಾರಿಯ ಮಾತೇ ಕೊನೆಯದು, ಆತನ ಮೇಲಿನವರು ಪ್ಯಾರಿಸ್‌ನಲ್ಲಿ. ಬೆಳೆದ ಮಗನಿಗೆ ತಂದೆಯ ಹೊಲದ ಪಕ್ಕದಲ್ಲೇ ತುಂಡು ಜಮೀನು ಕೇಳಿದರೆ ಸಂಘ ಒಪ್ಪುತ್ತಿರಲಿಲ್ಲ, ಹಾಗಾಗಿ ಮಗ ಪಟ್ಟಣದ ದಾರಿ ಹಿಡಿಯುತ್ತಿದ್ದ. 'ಉಳುವವನೇ ಹೊಲದೊಡೆಯ' ಎಂಬ ಮಾತಿನ ತೂಕ ತಿಳಿದ ಕನ್ನಡಿಗರಿಗೆ ಆ ಒಕ್ಕಲುಗಳ ಸಿಟ್ಟು ಅರ್ಥವಾದೀತು. ಹಕ್ಕುಪತ್ರ ಸಿಕ್ಕವರೆಲ್ಲ ಉಳಿದರೆಂದೂ ಅಲ್ಲ: ಮಾರಿಸಿಯೋ ವಸಾಹತಿನಲ್ಲಿ ಬೆಲೆ ಏರಿದ ಜಮೀನನ್ನು ಮಾರಿ ಹೊರಟವರು ಅನೇಕರು.

ಹಿರ್ಷ್ ದಾನಿಯೇ ಹೊರತು ಭಿಕ್ಷೆ ಹಾಕುವವರಲ್ಲ. ಪುಕ್ಕಟೆ ಕೊಟ್ಟರೆ ಜನರು ಸ್ವಾವಲಂಬಿಗಳಾಗುವುದಿಲ್ಲ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಆದರೆ ಅವರು ಅರ್ಜೆಂಟೀನಾಕ್ಕೆ ಒಮ್ಮೆಯೂ ಹೋಗಲಿಲ್ಲ. 1895ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಅವರನ್ನು ಕಂಡ, ಮುಂದೆ ಯಹೂದಿ ರಾಷ್ಟ್ರಕ್ಕಾಗಿ ಚಳವಳಿ ಕಟ್ಟಿದ ಥಿಯೋಡರ್ ಹರ್ಜ್ಲ್, ದಾನಧರ್ಮದಿಂದ ಜನಾಂಗವೊಂದು ತಲೆಯೆತ್ತದು, ಅದಕ್ಕೆ ರಾಜಕೀಯ ಗುರಿ ಬೇಕು ಎಂದು ವಾದಿಸಿದರು; ಇಬ್ಬರೂ ಒಮ್ಮತಕ್ಕೆ ಬರಲಿಲ್ಲ.

ಅತ್ತ, ಯಾವ ಯೋಜನೆಗೂ ಕಾಯದೆ ಹೊರಟವರು ಬೇರೆ ದಾರಿ ಕಂಡುಕೊಂಡಿದ್ದರು. 1881ರಿಂದ 1914ರ ನಡುವೆ ಪೂರ್ವ ಯುರೋಪ್ ಬಿಟ್ಟ ಸುಮಾರು 20 ಲಕ್ಷ ಯಹೂದಿಗಳಲ್ಲಿ ಹೆಚ್ಚಿನವರು ಅಮೆರಿಕ ಸಂಯುಕ್ತ ಸಂಸ್ಥಾನ ಸೇರಿದರು. ನ್ಯೂಯಾರ್ಕ್‌ನ ಹೊಲಿಗೆ ಕೆಲಸದಲ್ಲಿ ದುಡಿಮೆ ಕಠಿಣವಾಗಿತ್ತು, ಆದರೆ ಕೂಲಿ ಕೈಗೆ ಬರಲು ಸುಗ್ಗಿಯ ತನಕ ಕಾಯಬೇಕಿರಲಿಲ್ಲ, ಮತ್ತು ಆಗಲೇ ಅಲ್ಲಿ ಬೀಡುಬಿಟ್ಟಿದ್ದ ನೆಂಟರು ಟಿಕೆಟ್‌ಗೆ ಹಣ ಕಳುಹಿಸುತ್ತಿದ್ದರು.