‘ಗೋಯಿಂಗ್ ಫಾರ್ ಟೂ’ ಅಂದ್ರೇನು? ಒಂದು ಪಾಯಿಂಟ್ ಬಿಟ್ಟು ಎರಡಕ್ಕೆ ಕೈ ಹಾಕೋ ನಿರ್ಧಾರ

ಅಮೇರಿಕಾದ ಕಾಲೇಜ್ ಫುಟ್‌ಬಾಲ್ ನೋಡೋರ ಮಧ್ಯೆ ಒಂದು ಶನಿವಾರ ಕೂತ್ಕೊಂಡ್ರೆ ಸಾಕು, ಮ್ಯಾಚ್ ಕೊನೆಗೆ ಬರ್ತಾ ಇದ್ದ ಹಾಗೆ ಯಾರಾದ್ರೂ ಒಬ್ರು ಟಿವಿ ಕಡೆ ಕೈ ಚಾಚಿ ‘ಗೋ ಫಾರ್ ಟೂ’ ಅಂತ ಕೂಗೇ ಕೂಗ್ತಾರೆ, ಪಕ್ಕದಲ್ಲಿ ಇನ್ನೊಬ್ರು ‘ಬೇಡ ಬೇಡ, ಕಿಕ್ ಮಾಡ್ಲಿ’ ಅಂತಾರೆ, ಅಲ್ಲಿಂದ ಜಗಳ ಶುರು. ಎಂ.ಎಸ್. ಓದೋಕೆ ಅಂತ ಅಲ್ಲಿಗೆ ಹೋದ ನಮ್ಮ ಹುಡುಗ್ರು ಹುಡುಗೀರು ತುಂಬಾ ಜನ ಈ ಜಗಳದ ಮಧ್ಯೆ ಸುಮ್ನೆ ಕೂತಿರ್ತಾರೆ, ಯಾಕಂದ್ರೆ ರೂಲ್ ಗೊತ್ತಿದ್ರೂ ಅದ್ರ ಹಿಂದಿನ ಸಂಕಟ ಗೊತ್ತಿರಲ್ಲ. ಆ ಸಂಕಟ ಅರ್ಥ ಆದ್ರೆ ಈ ಆಟ ಅರ್ಧ ಅರ್ಥ ಆದ ಹಾಗೆ, ಅದಕ್ಕೇ ಈ ಪದ ತಗೊಂಡೆ.

ಮೊದಲು ರೂಲ್. ಚೆಂಡನ್ನ ಎದುರಾಳಿಯ ಎಂಡ್ ಜೋನ್, ಅಂದ್ರೆ ಮೈದಾನದ ತುದಿಯ ಪಟ್ಟಿ ಒಳಗೆ ಸೇರಿಸಿದ್ರೆ ಟಚ್‌ಡೌನ್, 6 ಪಾಯಿಂಟ್. ಅಷ್ಟಕ್ಕೇ ಮುಗಿಯಲ್ಲ, ಮೇಲೊಂದು ಚಾನ್ಸ್ ಸಿಗುತ್ತೆ. ಕಾಲೇಜ್ ಆಟದಲ್ಲಿ ಚೆಂಡನ್ನ ಗೋಲ್ ಲೈನ್‌ನಿಂದ 3 ಯಾರ್ಡ್ ದೂರದಲ್ಲಿ ಇಡ್ತಾರೆ, ಅಲ್ಲಿಂದ ಕಂಬಗಳ ಮಧ್ಯೆ ಒದ್ದು ಕಳಿಸಿದ್ರೆ 1 ಪಾಯಿಂಟ್, ಒದೆಯೋದು ಬಿಟ್ಟು ಮತ್ತೆ ಓಡಿಯೋ ಪಾಸ್ ಕೊಟ್ಟೋ ಎಂಡ್ ಜೋನ್ ಒಳಗೆ ಹೋದ್ರೆ 2 ಪಾಯಿಂಟ್. ಈ ಎರಡನೇ ದಾರಿ ಹಿಡಿಯೋದಕ್ಕೆ ‘ಗೋಯಿಂಗ್ ಫಾರ್ ಟೂ’ ಅಂತಾರೆ. ಕಿಕ್ ಹತ್ತಿರ ಹತ್ತಿರ ಗ್ಯಾರಂಟಿ, ಎರಡರ ಪ್ರಯತ್ನ ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಸಲ ಕೈಗೂಡುತ್ತೆ. ಯಾವುದು ಅಂತ ಹೇಳೋರು ಹೆಡ್ ಕೋಚ್, ಯೋಚ್ನೆ ಮಾಡೋಕೆ ಸಿಗೋದು ಕೆಲವೇ ಸೆಕೆಂಡ್, ತಪ್ಪಿದ್ರೆ ಹೊಣೆ ಪೂರ್ತಿ ಅವರ ತಲೆ ಮೇಲೆ.

ಈ ಎರಡು ಪಾಯಿಂಟ್ ಮೊದ್ಲಿಂದ ಇರ್ಲಿಲ್ಲ. ಕಾಲೇಜ್ ಆಟಕ್ಕೆ ಬಂದಿದ್ದು 1958ರಲ್ಲಿ, ಆಗ ರೂಲ್ಸ್ ಕಮಿಟಿ ಮುಖ್ಯಸ್ಥರಾಗಿದ್ದೋರು ಮಿಶಿಗನ್‌ನ ಫ್ರಿಟ್ಜ್ ಕ್ರಿಸ್ಲರ್. ಅದಕ್ಕೆ ಮುಂಚೆ ಟಚ್‌ಡೌನ್ ಆದ್ಮೇಲೆ ಒದೀರಿ, ಓಡ್ರಿ, ಏನೇ ಮಾಡ್ರಿ ಒಂದೇ ಪಾಯಿಂಟ್, ಹಾಗಾಗಿ ಎಲ್ರೂ ಒದೀತಿದ್ರು, ಜನ ಆ ಹೊತ್ತಲ್ಲಿ ಕಾಫಿ ತರೋಕೆ ಎದ್ದು ಹೋಗಬಹುದಾಗಿತ್ತು. ದುಡ್ಡಿಗೆ ಆಡೋ ಎನ್‌ಎಫ್‌ಎಲ್ ಇದನ್ನ ಒಪ್ಕೊಂಡಿದ್ದು 1994ರಲ್ಲಿ, ಅಂದ್ರೆ 36 ವರ್ಷ ಆದ್ಮೇಲೆ.

ಒಂದು ಚಿಕ್ಕ ರೂಲ್ ಏನು ಮಾಡ್ತು ಅಂತ ನೋಡೋಕೆ 1968ರ ನವೆಂಬರ್ 23 ಸಾಕು. ಬಾಸ್ಟನ್‌ನ ಹಾರ್ವರ್ಡ್ ಸ್ಟೇಡಿಯಮ್‌ನಲ್ಲಿ ಹಾರ್ವರ್ಡ್ ಮತ್ತೆ ಯೇಲ್, ಎರಡೂ ಆ ಸೀಸನ್‌ನಲ್ಲಿ ಸೋಲು ಕಾಣದ ಟೀಮ್‌ಗಳು, ಯೇಲ್ 29-13 ಮುಂದಿದೆ, ಉಳಿದಿರೋದು 42 ಸೆಕೆಂಡ್. ಹದಿನಾರು ಪಾಯಿಂಟ್ ಹಿಂದೆ. ಹಳೇ ರೂಲ್ ಆಗಿದ್ರೆ ಎರಡು ಟಚ್‌ಡೌನ್ ಹೊಡೆದ್ರೂ ಸಮ ಆಗ್ತಿರ್ಲಿಲ್ಲ, ಮನೆಗೆ ಹೋಗೋದೇ. ಆದ್ರೆ ಆರು ಪ್ಲಸ್ ಎರಡು ಎಂಟು, ಇನ್ನೊಂದು ಎಂಟು, ಹದಿನಾರು! ಫ್ರ್ಯಾಂಕ್ ಚಾಂಪಿ ಅನ್ನೋ ರಿಸರ್ವ್ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ಆಟ ನಡೆಸೋ ಆಟಗಾರ) ಕೈಗೆ ಚೆಂಡು ಕೊಟ್ಟು ಹಾರ್ವರ್ಡ್ ಎರಡೂ ಟಚ್‌ಡೌನ್ ಹೊಡೆದು, ಎರಡೂ ಸಲ ಎರಡಕ್ಕೆ ಹೋಗಿ, ಎರಡೂ ಸಲ ಗೆದ್ದು, ಕೊನೇದು ಗಡಿಯಾರದಲ್ಲಿ ಟೈಮೇ ಇಲ್ಲದಿದ್ದಾಗ ಪೀಟ್ ವಾರ್ನಿ ಕೈಯಲ್ಲಿ ಕ್ಯಾಚ್ ಆಗಿ, 29-29. ಹಾರ್ವರ್ಡ್‌ನ ವಿದ್ಯಾರ್ಥಿ ಪತ್ರಿಕೆ ‘ಹಾರ್ವರ್ಡ್ ಯೇಲ್ ಅನ್ನು 29-29ರಿಂದ ಸೋಲಿಸಿತು’ ಅಂತಾನೇ ಹೆಡ್‌ಲೈನ್ ಹಾಕ್ತು. ಆ ಟೀಮಲ್ಲಿ ಗಾರ್ಡ್ ಆಗಿ ಆಡಿದ ಒಬ್ರು ಆಮೇಲೆ ಸಿನಿಮಾದಲ್ಲಿ ದೊಡ್ಡ ಹೆಸರು ಮಾಡಿದ ಟಾಮಿ ಲೀ ಜೋನ್ಸ್.

ಅದೇ ದಿನ, ಅದೇ ನವೆಂಬರ್ 23, ಓಹಾಯೋದ ಕೊಲಂಬಸ್‌ನಲ್ಲಿ ಓಹಾಯೋ ಸ್ಟೇಟ್ ಟೀಮ್ ಮಿಶಿಗನ್ ವಿರುದ್ಧ ಪೂರ್ತಿ ಗೆದ್ದಾಗಿದೆ, ಕೊನೇ ಟಚ್‌ಡೌನ್ ಆದ್ಮೇಲೆ ಸ್ಕೋರು 50-14, ಆಗ್ಲೂ ಎರಡಕ್ಕೆ ಹೋದ್ರು. ಸಿಗ್ಲಿಲ್ಲ. ಕೋಚ್ ವುಡಿ ಹೇಯ್ಸ್ ಅವರನ್ನ ಯಾಕೆ ಅಂತ ಕೇಳಿದ್ದಕ್ಕೆ ಮೂರಕ್ಕೆ ಹೋಗೋಕೆ ಅವಕಾಶ ಇರ್ಲಿಲ್ಲ ಅಂದ್ರು ಅಂತ ಒಂದು ಕಥೆ ಇವತ್ತಿಗೂ ಬಾಯಿಂದ ಬಾಯಿಗೆ ಓಡಾಡುತ್ತೆ. ನನಗೆ ಅದು ಹಿಡಿಸಲ್ಲ, ಗೆದ್ದ ಮೇಲೆ ಎದುರಾಳಿಯನ್ನ ತುಳಿಯೋದು ಆಟ ಅಲ್ಲ. ಮುಂದಿನ ವರ್ಷ ಮಿಶಿಗನ್ ಅದೇ ಓಹಾಯೋ ಸ್ಟೇಟ್‌ನ 24-12ಕ್ಕೆ ಸೋಲಿಸ್ತು. ಅಂತೂ ಒಂದೇ ದಿನ, ಒಂದೇ ರೂಲು, ಒಂದು ಕಡೆ ಜೀವ ಉಳಿಸ್ಕೊಳ್ಳೋಕೆ, ಇನ್ನೊಂದು ಕಡೆ ಗಾಯಕ್ಕೆ ಉಪ್ಪು ಹಚ್ಚೋಕೆ.

ಸರಿ, ಬರೀ 3 ಯಾರ್ಡ್ ತಾನೇ, ಯಾಕೆ ಅಷ್ಟು ಕಷ್ಟ ಅಂತ ಅನ್ಸುತ್ತೆ. ಜಾಗ ಇಲ್ಲ, ಅದೇ ಕಷ್ಟ. ಮೈದಾನದ ಮಧ್ಯದಲ್ಲಿ ಇದ್ದಾಗ ಡಿಫೆನ್ಸ್‌ನೋರು ಹಿಂದೆ ದೂರಕ್ಕೆ ಪಾಸ್ ಬರಬಹುದು ಅಂತ ಹೆದರಿ ಚದುರಿ ನಿಲ್ತಾರೆ. ಇಲ್ಲಿ ಎಂಡ್ ಜೋನ್ 10 ಯಾರ್ಡ್, ಮುಂದಿನ 3 ಯಾರ್ಡ್, ಒಟ್ಟು 13 ಯಾರ್ಡ್ ಒಳಗೆ ಹನ್ನೊಂದು ಜನ ಡಿಫೆಂಡರ್‌ಗಳು ಕಿಕ್ಕಿರಿದು ನಿಂತಿರ್ತಾರೆ, ಹಿಂದೆ ಕಾಯೋ ಅಗತ್ಯಾನೇ ಇಲ್ಲ. ಜೊತೆಗೆ ಒಂದೇ ಒಂದು ಚಾನ್ಸ್, ಎರಡನೇ ಡೌನ್, ಅಂದ್ರೆ ಇನ್ನೊಂದು ಪ್ರಯತ್ನ, ಅನ್ನೋದಿಲ್ಲ. ಹಾಗಾಗಿ ಕೋಚ್‌ಗಳು ಇದಕ್ಕೆ ಅಂತಾನೇ ಎರಡು ಮೂರು ಪ್ಲೇ, ಅಂದ್ರೆ ಮೊದ್ಲೇ ಹೆಣೆದ ತಂತ್ರ, ಎತ್ತಿಟ್ಟಿರ್ತಾರೆ, ವಾರಪೂರ್ತಿ ಪ್ರಾಕ್ಟೀಸ್ ಮಾಡಿಸ್ತಾರೆ, ಎಷ್ಟೋ ಸಲ ಸೀಸನ್ ಪೂರ್ತಿ ಬಳಸದೇನೇ ಹೋಗುತ್ತೆ.

ಯಾವಾಗ ಹೋಗ್ಬೇಕು ಅನ್ನೋದಕ್ಕೆ ಒಂದು ಪಟ್ಟಿನೇ ಇದೆ, ‘ದಿ ಚಾರ್ಟ್’ ಅಂತಾರೆ, 70ರ ದಶಕದ ಶುರುವಲ್ಲಿ ಯುಸಿಎಲ್‌ಎ ಅನ್ನೋ ಕಾಲೇಜ್ ಟೀಮ್‌ನಲ್ಲಿ ಅಸಿಸ್ಟೆಂಟ್ ಕೋಚ್ ಆಗಿದ್ದ ಡಿಕ್ ವರ್ಮೀಲ್ ಮಾಡಿದ್ದು. ಎಷ್ಟು ಪಾಯಿಂಟ್ ಹಿಂದೆ ಇದ್ರೆ ಎರಡಕ್ಕೆ ಹೋಗಿ, ಎಷ್ಟು ಮುಂದಿದ್ರೆ ಒದೀರಿ ಅಂತ. ಆದ್ರೆ ಇತ್ತೀಚಿಗೆ ಜನ ತಲೆ ಕೆಡಿಸ್ಕೊಳ್ಳೋ ಪ್ರಶ್ನೆ ಒಂದಿದೆ. ಹದಿನಾಲ್ಕು ಪಾಯಿಂಟ್ ಹಿಂದೆ ಇದ್ದೀರಾ, ಕೊನೇ ಕ್ವಾರ್ಟರ್, ಒಂದು ಟಚ್‌ಡೌನ್ ಹೊಡೆದ್ರಿ, ಈಗ ಎಂಟು ಹಿಂದೆ. ಒದೀತೀರಾ, ಎರಡಕ್ಕೆ ಹೋಗ್ತೀರಾ? ಹಳೇ ಕಾಲದ ಕೋಚ್ ಕಣ್ಣು ಮುಚ್ಚಿ ಒದೆಸ್ತಾರೆ, ಆಮೇಲೆ ಇನ್ನೊಂದು ಟಚ್‌ಡೌನ್, ಇನ್ನೊಂದು ಕಿಕ್, ಸಮ, ಓವರ್‌ಟೈಮ್. ಲೆಕ್ಕ ಬಲ್ಲೋರು ಈಗ್ಲೇ ಎರಡಕ್ಕೆ ಹೋಗಿ ಅಂತಾರೆ.

ಯಾಕೆ ಅಂತ ನೋಡಿ. ಲೆಕ್ಕ ಸುಲಭ ಆಗ್ಲಿ ಅಂತ ಎರಡರ ಪ್ರಯತ್ನ ನೂರಕ್ಕೆ 45 ಸಲ ಆಗುತ್ತೆ, ಕಿಕ್ ಯಾವತ್ತೂ ತಪ್ಪಲ್ಲ, ಓವರ್‌ಟೈಮ್ ಫಿಫ್ಟಿ-ಫಿಫ್ಟಿ, ಇನ್ನೊಂದು ಟಚ್‌ಡೌನ್ ಹೇಗೂ ಬರುತ್ತೆ, ಎದುರಾಳಿ ಮತ್ತೆ ಸ್ಕೋರ್ ಮಾಡಲ್ಲ ಅಂತ ಇಟ್ಕೊಳ್ಳಿ. ಎರಡು ಸಲ ಒದ್ರೆ ಸಮ, ಅಂದ್ರೆ ನೂರಕ್ಕೆ 50 ಗೆಲುವು. ಮೊದಲ್ನೇ ಸಲಾನೇ ಎರಡಕ್ಕೆ ಹೋದ್ರೆ ನೂರರಲ್ಲಿ 45 ಸಲ ಸಿಕ್ತು, ಮುಂದಿನ ಟಚ್‌ಡೌನ್‌ಗೆ ಒಂದು ಕಿಕ್ ಸೇರಿಸಿದ್ರೆ ಒಂದು ಪಾಯಿಂಟ್‌ನಿಂದ ನೇರ ಗೆಲುವು. ಉಳಿದ 55 ಸಲ ತಪ್ಪಿತು, ಆದ್ರೂ ಬಾಗಿಲು ಮುಚ್ಚಿಲ್ಲ, ಮುಂದಿನ ಟಚ್‌ಡೌನ್ ಆದ್ಮೇಲೆ ಮತ್ತೆ ಎರಡಕ್ಕೆ ಹೋಗ್ಬಹುದು, ಅದ್ರಲ್ಲಿ ಸುಮಾರು 25 ಸಲ ಸಿಕ್ಕಿ ಸಮ ಆಗುತ್ತೆ, ಅದರರ್ಧ ಗೆಲುವು. 45ಕ್ಕೆ 12 ಸೇರಿಸಿ, 57. ಇನ್ನೂ ಹೇಳ್ಬೇಕಂದ್ರೆ ನಿಮ್ಮ ಟೀಮ್ ನೂರಕ್ಕೆ 39 ಸಲ ಮಾತ್ರ ಎರಡು ಗಳಿಸೋ ಟೀಮ್ ಆಗಿದ್ರೂ ಇದೇ ದಾರಿ ವಾಸಿ. ಗುಟ್ಟು ಇರೋದು ಇಷ್ಟೇ, ಹೇಗಿದ್ರೂ ಜೂಜು ಆಡೋದಾದ್ರೆ ಮೊದ್ಲೇ ಆಡಿ, ಸೋತ್ರೆ ಸರಿಪಡಿಸ್ಕೊಳ್ಳೋಕೆ ಇನ್ನೊಂದು ಚಾನ್ಸ್ ಉಳಿದಿರುತ್ತೆ. ಇದನ್ನ ಮನಸ್ಸಲ್ಲಿ ಇಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಲೆಕ್ಕಕ್ಕಿಂತ ಆಚೆ ಇನ್ನೊಂದು ಕಾರಣಾನೂ ಇದೆ, ಎದುರಾಳಿ ನಿಮಗಿಂತ ಬಲಶಾಲಿ ಆಗಿದ್ರೆ ಆಟ ಉದ್ದ ಎಳೆದಷ್ಟೂ ನಿಮಗೇ ನಷ್ಟ. 2007ರ ಜನವರಿ 1, ಅರಿಜೋನಾದ ಗ್ಲೆಂಡೇಲ್, ಫಿಯೆಸ್ಟಾ ಬೌಲ್ ಅನ್ನೋ ಸೀಸನ್ ಕೊನೇ ದೊಡ್ಡ ಮ್ಯಾಚ್. ಐಡಾಹೋದ ಬಾಯ್ಸಿ ಸ್ಟೇಟ್, ದೊಡ್ಡೋರು ಯಾರೂ ಲೆಕ್ಕಕ್ಕೆ ಇಡದ ಟೀಮ್, ಎದುರಿಗೆ ಒಕ್ಲಹೋಮ. ಓವರ್‌ಟೈಮ್‌ನ ಮೊದಲ ಪ್ಲೇನಲ್ಲೇ ಏಡ್ರಿಯನ್ ಪೀಟರ್ಸನ್ 25 ಯಾರ್ಡ್ ಓಡಿ ಟಚ್‌ಡೌನ್, ಒಕ್ಲಹೋಮ 42-35. ಬಾಯ್ಸಿ ಸ್ಟೇಟ್ ಒದ್ದಾಡಿ ಟಚ್‌ಡೌನ್ ಹೊಡೆದು 42-41. ಒದ್ರೆ ಸಮ, ಇನ್ನೊಂದು ರೌಂಡು, ಮತ್ತೆ ಏಡ್ರಿಯನ್ ಪೀಟರ್ಸನ್‌ನ ಎದುರಿಸ್ಬೇಕು. ಬಾಯ್ಸಿ ಸ್ಟೇಟ್ ಹೆಡ್ ಕೋಚ್ ಆಗಿ ಕ್ರಿಸ್ ಪೀಟರ್ಸನ್ ಅವರಿಗೆ ಅದು ಮೊದಲ ವರ್ಷ, ಎರಡಕ್ಕೆ ಹೋದ್ರು, ಕರೆದಿದ್ದು ‘ಸ್ಟ್ಯಾಚ್ಯೂ ಆಫ್ ಲಿಬರ್ಟಿ’ ಅನ್ನೋ ನೂರು ವರ್ಷಕ್ಕೂ ಹಳೇ ಪ್ಲೇ. ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಜಬ್ರಾನ್ಸ್ಕಿ ಬಲಗಡೆ ಪಾಸ್ ಎಸೆಯೋ ಹಾಗೆ ಬರಿಗೈ ಬೀಸ್ತಾನೆ, ಡಿಫೆನ್ಸ್ ಪೂರ್ತಿ ಆ ಕಡೆ ನೋಡುತ್ತೆ, ಚೆಂಡು ಮಾತ್ರ ಎಡಗೈಯಲ್ಲಿ ಬೆನ್ನ ಹಿಂದೆ ಇದೆ, ಅದನ್ನ ಇಯನ್ ಜಾನ್ಸನ್ ಕಿತ್ಕೊಂಡು ಎಡಗಡೆ ಓಡ್ತಾನೆ, ಅಡ್ಡ ಬರೋಕೆ ಯಾರೂ ಇಲ್ಲ. 43-42. ಅದೇ ಮೈದಾನದಲ್ಲಿ, ಟಿವಿ ಕ್ಯಾಮೆರಾ ಮುಂದೆ, ಜಾನ್ಸನ್ ಮಂಡಿಯೂರಿ ತನ್ನ ಗೆಳತಿಗೆ ಮದುವೆ ಆಗ್ತೀಯಾ ಅಂತ ಕೇಳಿದ. ಪ್ರತಿ ಹೊಸವರ್ಷದ ದಿನ ಆ ಕ್ಲಿಪ್ ಮತ್ತೆ ಕಣ್ಣಿಗೆ ಬಿದ್ರೆ ನಾನು ಪೂರ್ತಿ ನೋಡೇ ನೋಡ್ತೀನಿ.

ಈಗ ಓವರ್‌ಟೈಮ್ ರೂಲೇ ಎರಡರ ಮೇಲೆ ನಿಂತಿದೆ. 2021ರಿಂದ ಎರಡನೇ ಓವರ್‌ಟೈಮ್‌ನಲ್ಲಿ ಟಚ್‌ಡೌನ್ ಆದ್ಮೇಲೆ ಎರಡಕ್ಕೆ ಹೋಗ್ಲೇಬೇಕು, ಮೂರನೇದರಿಂದ ಬರೀ ಎರಡರ ಪ್ರಯತ್ನಗಳೇ, ಒಂದಾದ ಮೇಲೊಂದು, ಕ್ರಿಕೆಟ್‌ನ ಸೂಪರ್ ಓವರ್ ತರ. ಆ ವರ್ಷ ಅಕ್ಟೋಬರ್ 23ಕ್ಕೆ ಇಲಿನಾಯ್ ಟೀಮು ಪೆನ್ ಸ್ಟೇಟ್‌ನ ಒಂಬತ್ತು ಓವರ್‌ಟೈಮ್ ಆಡಿ 20-18ಕ್ಕೆ ಸೋಲಿಸ್ತು.

ಆದ್ರೆ ದೊಡ್ಡ ಕಾಲೇಜ್ ಟೀಮ್‌ಗಳ ಮಾಮೂಲಿ ಮ್ಯಾಚ್‌ಗೆ ಓವರ್‌ಟೈಮ್ ಬಂದಿದ್ದೇ 1996ರಲ್ಲಿ. ಅದಕ್ಕೆ ಮುಂಚೆ ಸಮ ಆದ್ರೆ ಸಮ, ಎದ್ದು ಮನೆಗೆ ಹೋಗಿ. ಈ ಪದದ ನಿಜವಾದ ಭಾರ ಗೊತ್ತಾಗೋದು ಆ ಕಾಲದಲ್ಲಿ. 1966ರ ನವೆಂಬರ್ 19ಕ್ಕೆ ನಂಬರ್ ಒನ್ ನೋಟರ್ ಡೇಮ್ ಮತ್ತೆ ನಂಬರ್ ಟೂ ಮಿಶಿಗನ್ ಸ್ಟೇಟ್ ಆಡ್ತಾ 10-10 ಇದ್ದಾಗ, ಕೊನೇ ನಿಮಿಷದಲ್ಲಿ ಚೆಂಡು ನೋಟರ್ ಡೇಮ್ ಕೈಯಲ್ಲಿ, ಕೋಚ್ ಆರಾ ಪಾರ್ಸೀಗಿಯನ್ ಗೆಲ್ಲೋಕೆ ನುಗ್ಗದೆ ಸುಮ್ನೆ ಟೈಮ್ ಕಳೆಸಿದ್ರು. ಆಗ ಚಾಂಪಿಯನ್ ಯಾರು ಅಂತ ತೀರ್ಮಾನ ಆಗ್ತಿದ್ದಿದ್ದು ವೋಟ್‌ನಿಂದ, ಆ ವೋಟ್ ಸಿಕ್ಕಿದ್ದು ಅವರಿಗೇ. ‘ಸಮಕ್ಕೆ ಆಡಿದೋರು’ ಅನ್ನೋ ಮಾತು ಮಾತ್ರ ಕೊನೇವರೆಗೂ ಬಿಡ್ಲಿಲ್ಲ.

ಅದರ ಪೂರ್ತಿ ಉಲ್ಟಾ 1984ರ ಜನವರಿ 2, ಮಯಾಮಿಯ ಆರೆಂಜ್ ಬೌಲ್. ನೆಬ್ರಾಸ್ಕಾ 12 ಮ್ಯಾಚ್ ಆಡಿ 12 ಗೆದ್ದು ನಂಬರ್ ಒನ್, ಮ್ಯಾಚಿಗೆ ಸರಾಸರಿ 52 ಪಾಯಿಂಟ್ ಹೊಡೆದ ಟೀಮು. ಎದುರಿಗೆ ಆ ಊರಿನದೇ ಟೀಮ್ ಮಯಾಮಿ, ಬರ್ನಿ ಕೋಸಾರ್ ಅನ್ನೋ ಹೊಸ ಹುಡುಗ ಕ್ವಾರ್ಟರ್‌ಬ್ಯಾಕ್. ನೆಬ್ರಾಸ್ಕಾ ಕೋಚ್ ಟಾಮ್ ಆಸ್ಬರ್ನ್ 1973ರಿಂದ ಗೆಲ್ತಾನೇ ಬಂದಿದ್ರು, ಆದ್ರೆ ನ್ಯಾಷನಲ್ ಚಾಂಪಿಯನ್‌ಶಿಪ್ ಒಂದೂ ಕೈಗೆ ಸಿಕ್ಕಿರ್ಲಿಲ್ಲ. ಅವತ್ತು ಮಧ್ಯಾಹ್ನಾನೇ ನಂಬರ್ ಟೂ ಟೆಕ್ಸಾಸ್ ಸೋತಿತ್ತು, ಅಂದ್ರೆ ಮ್ಯಾಚ್ ಬರೀ ಸಮ ಆದ್ರೂ ಸೋಲೇ ಕಾಣದ ಟೀಮ್ ಅಂತ ವೋಟ್ ನೆಬ್ರಾಸ್ಕಾಗೇ ಬೀಳ್ತಿತ್ತು ಅನ್ನೋದು ಹೆಚ್ಚುಕಮ್ಮಿ ಎಲ್ಲರೂ ಒಪ್ಪೋ ಮಾತು. 48 ಸೆಕೆಂಡ್ ಉಳಿದಿದ್ದಾಗ ನಾಲ್ಕನೇ ಡೌನ್‌ನಲ್ಲಿ, ಅಂದ್ರೆ ಕೊನೇ ಪ್ರಯತ್ನದಲ್ಲಿ, ನೆಬ್ರಾಸ್ಕಾದ ಜೆಫ್ ಸ್ಮಿತ್ 24 ಯಾರ್ಡ್ ಓಡಿ ಟಚ್‌ಡೌನ್, 31-30. ಒದ್ರೆ ಸಮ, ಹನ್ನೊಂದು ವರ್ಷದಿಂದ ಕಾದ ಪಟ್ಟ. ಆಸ್ಬರ್ನ್ ಎರಡಕ್ಕೆ ಹೋದ್ರು. ಕ್ವಾರ್ಟರ್‌ಬ್ಯಾಕ್ ಟರ್ನರ್ ಗಿಲ್ ಬಲಕ್ಕೆ ಓಡ್ತಾ ಸ್ಮಿತ್ ಕಡೆ ಎಸೆದ ಚೆಂಡಿಗೆ ಮಯಾಮಿಯ ಕೆನ್ನಿ ಕ್ಯಾಲ್‌ಹೂನ್ ಬೆರಳು ತಾಗಿಸಿದ್ರು, ಅಷ್ಟೇ. ಮಯಾಮಿ ಚಾಂಪಿಯನ್, ನೆಬ್ರಾಸ್ಕಾ ಎರಡನೇ ಸ್ಥಾನ.

ಜನ ಇವತ್ತಿಗೂ ಹೋಗಿದ್ದು ಸರಿನಾ ತಪ್ಪಾ ಅಂತ ವಾದ ಮಾಡ್ತಾರೆ. ನನ್ನ ಪ್ರಕಾರ ಹೋಗಿದ್ದು ನೂರಕ್ಕೆ ನೂರು ಸರಿ, ಅಷ್ಟು ದೊಡ್ಡ ಟೀಮ್ ಕಟ್ಟಿ ಕೊನೆಗೆ ಸಮಕ್ಕೆ ಒದೆಯೋಕೆ ಮನಸ್ಸು ಒಪ್ಪಲಿಲ್ಲ ಅಂದ್ರೆ ಆ ಮನುಷ್ಯನ ಮೇಲೆ ಗೌರವ ಜಾಸ್ತಿ ಆಗುತ್ತೆ. ಕೇಳ್ಬೇಕಾದ ಪ್ರಶ್ನೆ ಬೇರೆ ಇದೆ. ಅದೇ ಕ್ವಾರ್ಟರ್‌ನಲ್ಲಿ ಸ್ವಲ್ಪ ಹೊತ್ತು ಮುಂಚೆ ಸ್ಕೋರ್ 31-17 ಇತ್ತು, ಸರಿಯಾಗಿ ಹದಿನಾಲ್ಕು ಹಿಂದೆ! ಮೊದಲ ಟಚ್‌ಡೌನ್ ಆದ್ಮೇಲೆ ಒದ್ದು 31-24 ಮಾಡ್ಕೊಂಡ್ರು. ಆಗ್ಲೇ ಎರಡಕ್ಕೆ ಹೋಗಿದ್ರೆ? ಸಿಕ್ಕಿದ್ರೆ 31-25, ಕೊನೇ ಟಚ್‌ಡೌನ್‌ಗೆ ಒಂದು ಕಿಕ್ ಸೇರಿ 32-31 ಗೆಲುವು. ಸಿಗದಿದ್ರೆ 31-23, ಕೊನೇಲಿ ಮತ್ತೆ ಎರಡಕ್ಕೆ ಹೋಗಿ 31-31, ಸಮ, ಅದರಲ್ಲೂ ಪಟ್ಟ ಅವರದೇ. ಒಂದರ ಬದಲು ಎರಡು ಚಾನ್ಸ್ ಇರ್ತಿತ್ತು. ಆ ಕಾಲದಲ್ಲಿ ಹೀಗೆ ಯೋಚ್ನೆ ಮಾಡೋ ರೂಢಿನೇ ಇರ್ಲಿಲ್ಲ, ಅವರನ್ನ ದೂರೋಕೆ ಇದನ್ನ ಹೇಳ್ತಿಲ್ಲ, ಆದ್ರೆ ‘ಗೋಯಿಂಗ್ ಫಾರ್ ಟೂ’ ಅನ್ನೋದ್ರಲ್ಲಿ ಹೋಗೋದಾ ಬೇಡ್ವಾ ಅನ್ನೋದಕ್ಕಿಂತ ಯಾವಾಗ ಅನ್ನೋದೇ ದೊಡ್ಡದು ಅನ್ನೋಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ.

ಹನ್ನೊಂದು ವರ್ಷ ಆದ್ಮೇಲೆ, 1995ರ ಜನವರಿ 1. ಅದೇ ಸ್ಟೇಡಿಯಮ್, ಅದೇ ಮಯಾಮಿ, ನೆಬ್ರಾಸ್ಕಾ ಕೋಚ್ ಅದೇ ಆಸ್ಬರ್ನ್. ನಾಲ್ಕನೇ ಕ್ವಾರ್ಟರ್‌ನಲ್ಲಿ 17-9 ಹಿಂದೆ ಇದ್ದಾಗ ಕೋರಿ ಶ್ಲೆಸಿಂಜರ್ ಟಚ್‌ಡೌನ್ ಹೊಡೆದ್ರು, 17-15. ಮತ್ತೆ ಎರಡಕ್ಕೆ ಹೋದ್ರು, ಮತ್ತೆ ಪಾಸು, ಟಾಮಿ ಫ್ರೇಜರ್ ಎಸೆದಿದ್ದು ಎರಿಕ್ ಆಲ್ಫರ್ಡ್ ಕೈಗೆ. ಈ ಸಲ ಯಾರ ಬೆರಳೂ ಅಡ್ಡ ಬರ್ಲಿಲ್ಲ, 17-17. ಆಮೇಲೆ ಶ್ಲೆಸಿಂಜರ್ ಇನ್ನೊಂದು ಟಚ್‌ಡೌನ್ ಹೊಡೆದು 24-17, ಆಸ್ಬರ್ನ್ ಅವರ ಮೊದಲ ಚಾಂಪಿಯನ್‌ಶಿಪ್.