ಎಷ್ಟು ಸ್ಪೀಡ್ ಅಂತ ಕೇಳುವ ಮೊದಲು

ಕಾಸರಗೋಡಿನಲ್ಲಿ ರೈಲಿನ ಮಾತು ಬಂದರೆ ಮೊದಲ ಪ್ರಶ್ನೆ ಒಂದೇ: "ಎಷ್ಟು ಸ್ಪೀಡ್ ಹೋಗ್ತದೆ?" ಮದುವೆ ಊಟದ ಪಂಕ್ತಿಯಲ್ಲೂ ಇದೇ, ಮನೆಯ ಪ್ಲಾನ್ ಹಿಡಿದುಕೊಂಡು ನನ್ನ ಹತ್ತಿರ ಬರುವವರದ್ದೂ ಇದೇ. 200 ಅಂದರೆ ಕಣ್ಣು ಅರಳುತ್ತದೆ, 320 ಅಂದರೆ ಇನ್ನೂ ಜಾಸ್ತಿ. ನಾನು ರೈಲ್ವೆಯ ಹಳಿ ವಿಭಾಗದಲ್ಲಿ ಇಂಜಿನಿಯರ್ ಆಗಿದ್ದವನು. ನಿವೃತ್ತಿಯ ನಂತರ ಕುಂಬಳೆಯಲ್ಲಿ ಕೂತು, ಹಳಿ ಪಕ್ಕ ಮನೆ ಕಟ್ಟುವವರಿಗೆ ರೈಲ್ವೆಯ ಎನ್‌ಒಸಿಗೆ (ಆಕ್ಷೇಪ ಇಲ್ಲ ಅನ್ನುವ ಪತ್ರಕ್ಕೆ) ಬೇಕಾದ ನಕ್ಷೆ, ಕಾಗದ ಮಾಡಿಕೊಡುತ್ತೇನೆ. ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಒಮ್ಮೆ ಬರೆದೇ ಇಡುತ್ತೇನೆ.

ಒಂದು ಲೆಕ್ಕ ನೋಡಿ. ಪೆನ್ಸಿಲ್ ತೆಗೆದುಕೊಂಡು ನೀವೇ ಮಾಡಿ. 100 ಕಿ.ಮೀ. ದಾರಿಯಲ್ಲಿ ರೈಲು ಗಂಟೆಗೆ 160ರ ವೇಗದಲ್ಲಿ ಹೋದರೆ 37 ನಿಮಿಷ 30 ಸೆಕೆಂಡ್ ಬೇಕು. 200ರಲ್ಲಿ ಹೋದರೆ 30 ನಿಮಿಷ. ಉಳಿದದ್ದು ಏಳೂವರೆ ನಿಮಿಷ. ಈಗ ಬರೀ 10 ಕಿ.ಮೀ. ದಾರಿ ತೆಗೆದುಕೊಳ್ಳಿ. ಅಲ್ಲಿ ರೈಲು 30ರಲ್ಲಿ ತೆವಳುತ್ತಿದೆ, 20 ನಿಮಿಷ ಬೇಕು. ಅದನ್ನು 60ಕ್ಕೆ ಏರಿಸಿದರೆ 10 ನಿಮಿಷ ಸಾಕು. ಉಳಿದದ್ದು ಹತ್ತು ನಿಮಿಷ. ಅಂದರೆ 100 ಕಿ.ಮೀ.ಯಲ್ಲಿ 160ನ್ನು 200 ಮಾಡಿ ಸಿಗುವುದಕ್ಕಿಂತ ಹೆಚ್ಚು ಸಮಯ, 10 ಕಿ.ಮೀ.ಯ ಒಂದು ನಿಧಾನದ ಜಾಗ ಸರಿ ಮಾಡಿದರೆ ಸಿಗುತ್ತದೆ.

ಮೇಲಕ್ಕೆ ಹೋದಷ್ಟೂ ಲಾಭ ಕಡಿಮೆಯಾಗುತ್ತಲೇ ಹೋಗುತ್ತದೆ. ಅದೇ 100 ಕಿ.ಮೀ.ಗೆ 250ರಿಂದ 300ಕ್ಕೆ ಏರಿದರೆ 4 ನಿಮಿಷ ಉಳಿಯುತ್ತದೆ. 300ರಿಂದ 350ಕ್ಕೆ ಏರಿದರೆ 3 ನಿಮಿಷವೂ ಇಲ್ಲ. ಇದಕ್ಕೆ ಇಂಜಿನಿಯರ್ ಬೇಕಾಗಿಲ್ಲ, ಏಳನೇ ಕ್ಲಾಸಿನ ಗಣಿತ ಸಾಕು. ಆದರೂ ಯಾರೂ ಮಾಡಿ ನೋಡುವುದಿಲ್ಲ.

ಖರ್ಚು ಮಾತ್ರ ಉಲ್ಟಾ ದಿಕ್ಕಿನಲ್ಲಿ ಓಡುತ್ತದೆ. ರೈಲು ತಿರುವಿನಲ್ಲಿ ಹೋಗುವಾಗ ಒಳಗಿದ್ದವರನ್ನು ಹೊರಗೆ ತಳ್ಳುವ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗ ಎರಡು ಪಟ್ಟು ಮಾಡಿದಿರೋ, ಅಷ್ಟೇ ಆರಾಮಾಗಿ ತಿರುಗಲು ತಿರುವಿನ ತ್ರಿಜ್ಯ ನಾಲ್ಕು ಪಟ್ಟು ಬೇಕು. 300ರ ಮೇಲೆ ಓಡುವ ಹಳಿಗೆ ಸುಮಾರು 4 ಕಿ.ಮೀ. ತ್ರಿಜ್ಯ ಇಡುತ್ತಾರೆ. ಅಂದರೆ ಹಳಿ ಹೆಚ್ಚುಕಡಿಮೆ ನೇರ. ಎದುರಿಗೆ ಗುಡ್ಡ ಬಂದರೆ ಸುತ್ತಿ ಹೋಗಲಾಗದು, ಕೊರೆಯಬೇಕು. ಹೊಳೆ, ಗದ್ದೆ, ಮನೆ ಬಂದರೆ ಮೇಲಿಂದ ಹಾರಿಸಬೇಕು. ಜನ ರೈಲು ದುಬಾರಿ ಅಂದುಕೊಳ್ಳುತ್ತಾರೆ. ದುಡ್ಡು ತಿನ್ನುವುದು ಈ ನೇರ ಗೆರೆ. ನಮ್ಮ ಕರಾವಳಿಯಲ್ಲಂತೂ ಕೆಂಪು ಕಲ್ಲಿನ ಗುಡ್ಡ, ಪಕ್ಕದಲ್ಲೇ ಹೊಳೆ, ಮತ್ತೆ ಗುಡ್ಡ. ಮಣ್ಣು ಹೇಗಿದೆ ಅನ್ನುವುದರ ಮೇಲೆ ಖರ್ಚು ಬಹಳ ಏರುಪೇರಾಗುತ್ತದೆ. ಹಾಗಾಗಿ ಯಾವ ಯೋಜನೆಯ ಮೊದಲ ಅಂದಾಜನ್ನೂ ಕೊನೆಯ ಮಾತು ಅಂತ ಹಿಡಿಯಬೇಡಿ.

ಮನೆ ಬಾಗಿಲಿನ ಉದಾಹರಣೆಯೇ ಇದೆ. 2023ರ ಏಪ್ರಿಲ್ 25ಕ್ಕೆ ತಿರುವನಂತಪುರ–ಕಾಸರಗೋಡು ವಂದೇ ಭಾರತ್ ಶುರುವಾಯಿತು. ಆ ರೈಲಿಗೆ 160ರಲ್ಲಿ ಓಡುವ ತಾಕತ್ತು ಇದೆ. ಆದರೂ ಸುಮಾರು 588 ಕಿ.ಮೀ.ಗೆ ಸುಮಾರು 8 ಗಂಟೆ ಬೇಕು. ಸರಾಸರಿ ಗಂಟೆಗೆ 73 ಕಿ.ಮೀ. ಬಿತ್ತು. ಯಾಕೆ? ತಿರುವುಗಳು, ಕಾಷನ್ ಆರ್ಡರ್ (ನಿಧಾನ ಹೋಗಬೇಕು ಅನ್ನುವ ಆದೇಶ) ಇರುವ ಜಾಗಗಳು, ತುಂಬಿದ ಲೈನು. ಬೇರೆ ಗಾಡಿಗೆ ದಾರಿ ಬಿಡಲು ಪಕ್ಕದ ಲೂಪ್ ಲೈನಿಗೆ ಹಾಕಿದರೆ ಮುಗಿಯಿತು, ಹಳಿ ಬದಲಿಸುವ ಹಳೇ ಪಾಯಿಂಟುಗಳ ಮೇಲೆ 30ರಲ್ಲಿ ಹೋಗಬೇಕು. ತಲಪಾಡಿಯಿಂದ ಕಾಸರಗೋಡಿಗೆ ಹೈವೇಯಲ್ಲಿ ನೂರರ ವೇಗದಲ್ಲಿ ಕಾರು ಬಿಟ್ಟವರು ಒಂದು ಬ್ಲಾಕಿನಲ್ಲಿ ಸಿಕ್ಕಿಬಿದ್ದರೆ ಸ್ಕೂಟರಿನವನ ಜೊತೆಗೇ ಊರು ಸೇರುತ್ತಾರೆ, ಅಲ್ವಾ? ರೈಲಿಗೂ ಅದೇ ಕಷ್ಟ.

ಸಿಲ್ವರ್‌ಲೈನ್ ಅನ್ನುವ ಕೇರಳದ ವೇಗದ ರೈಲು ಯೋಜನೆಯ ವಿಷಯಕ್ಕೆ ಬರುತ್ತೇನೆ. ನಮ್ಮವರು ಅತಿ ಹೆಚ್ಚು ಕೇಳುವುದು ಇದನ್ನೇ. ಕಾಸರಗೋಡಿನಿಂದ ತಿರುವನಂತಪುರಕ್ಕೆ ಸುಮಾರು 530 ಕಿ.ಮೀ., 11 ಸ್ಟೇಷನ್, 200ರ ವೇಗ, 4 ಗಂಟೆಯ ಪ್ರಯಾಣ ಅಂತ ಯೋಜನೆ ಇತ್ತು. 200ರ ವೇಗ ಅಂದರೂ ಸರಾಸರಿ 132 ಮಾತ್ರ ಅನ್ನುವುದನ್ನು ಗಮನಿಸಿ. ಯೋಜನೆಯವರ ಅಂದಾಜು 63,940 ಕೋಟಿ ರೂಪಾಯಿ. ನೀತಿ ಆಯೋಗದ ಲೆಕ್ಕದಲ್ಲಿ ಅದು 1.26 ಲಕ್ಷ ಕೋಟಿ. ಒಂದು ಕಿ.ಮೀ.ಗೆ 120 ಕೋಟಿಯೋ 238 ಕೋಟಿಯೋ ಅನ್ನುವಷ್ಟು ಅಂತರ. ಇಷ್ಟು ಅಂತರ ಇರುವಾಗ ಯಾವ ಇಂಜಿನಿಯರೂ ಎದೆ ತಟ್ಟಿ "ಇದು ಲಾಭ" ಅಂತ ಹೇಳಬಾರದು, "ನಷ್ಟ" ಅಂತಲೂ ಹೇಳಬಾರದು.

ಕಾಸರಗೋಡಿನಿಂದ ತಿರೂರಿನವರೆಗೆ ಆ ಲೈನು ಈಗಿನ ಹಳಿಯ ಪಕ್ಕದಲ್ಲೇ ಹೋಗುವುದಿತ್ತು. ಕೇರಳದಲ್ಲಿ ಈ ಯೋಜನೆಯ ಸರ್ವೆಗೆ ಹಳದಿ ಕಲ್ಲು ನೆಟ್ಟ ಸುದ್ದಿ, ಗಲಾಟೆಯ ಸುದ್ದಿ ಬರುತ್ತಿದ್ದ 2022ರಲ್ಲಿ ಚೆರ್ಕಳ ಕಡೆಯ ಒಬ್ಬರು ಅಡಿಕೆ ಕೃಷಿಕರು ನನ್ನ ಹತ್ತಿರ ಬಂದರು. ಮಗಳ ಮದುವೆಗೆ ಮೊದಲು ಮನೆಯ ಮೇಲೊಂದು ಮಹಡಿ ಎಬ್ಬಿಸುವ ಯೋಚನೆ. ಕಂಬಿ ಕಟ್ಟಿ ಆಗಿದೆ, ಕಾಂಕ್ರೀಟು ಹಾಕಲು ಭಯ. "ಇಂಜಿನಿಯರ್ರೇ, ರೈಲು ನನ್ನ ಮನೆ ಮೇಲೆಯೇ ಬರ್ತದೆ ಅಂತೆ ಮಾರಾಯ್ರೆ. ಎಂತ ಮಾಡುದು?" ಅಂತ ಕೇಳಿದರು. ಜಾಗದ ಸರ್ವೆ ನಂಬರ್ ನೋಡಿದೆ. ಅದು ಹಳಿಯಿಂದ ಕಿಲೋಮೀಟರುಗಟ್ಟಲೆ ಒಳಗೆ ಇತ್ತು. ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಗೆರೆ ಎಳೆದ ಮ್ಯಾಪ್ ನೋಡಿ ಹೆದರಿದ್ದರು. ಅವರಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳುತ್ತೇನೆ: ಭೂಸ್ವಾಧೀನದ ಅಧಿಸೂಚನೆಯಲ್ಲಿ ನಿಮ್ಮ ಸರ್ವೆ ನಂಬರ್ ಇದೆಯಾ ಅಂತ ಮಾತ್ರ ನೋಡಿ. ಇಲ್ಲದಿದ್ದರೆ ಮನೆ ಕಟ್ಟಿ. ಸ್ಟೇಷನ್ ಬರ್ತದೆ ಅಂತ ಸಾಲ ಮಾಡಿ ಜಾಗ ಖರೀದಿಸಲೂ ಹೋಗಬೇಡಿ. ಯೋಜನೆಗೆ ಕೇಂದ್ರದ ಒಪ್ಪಿಗೆ ಸಿಗಲಿಲ್ಲ. ಆ ವರ್ಷದ ಕೊನೆಗೆ ಸರ್ವೆ ಕೆಲಸದ ಸಿಬ್ಬಂದಿಯನ್ನೇ ವಾಪಸ್ ಕರೆಸಿಕೊಂಡರು.

ಹಾಗಾದರೆ ವೇಗದ ರೈಲು ಎಲ್ಲೂ ಬೇಡವಾ? ಖಂಡಿತ ಬೇಕು. 1964ರ ಅಕ್ಟೋಬರ್ 1ಕ್ಕೆ ಜಪಾನಿನಲ್ಲಿ ಟೋಕಿಯೊ–ಒಸಾಕಾ ನಡುವೆ ಶಿಂಕಾನ್ಸೆನ್ ಬುಲೆಟ್ ರೈಲು ಶುರುವಾಯಿತು. ಅದರ ಖರ್ಚು ಮೊದಲ ಅಂದಾಜಿನ ಹತ್ತಿರ ಹತ್ತಿರ ಎರಡು ಪಟ್ಟಾಗಿತ್ತು. ಅದನ್ನು ಹಟ ಹಿಡಿದು ಕಟ್ಟಿಸಿದ ರೈಲ್ವೆ ಅಧ್ಯಕ್ಷ ಶಿಂಜಿ ಸೊಗೊ ಅದೇ ಕಾರಣಕ್ಕೆ ಹುದ್ದೆ ಬಿಡಬೇಕಾಯಿತು. ಆದರೆ ಆ ಲೈನು ಗೆದ್ದಿತು. ಗೆದ್ದದ್ದು ಬರೀ 210ರ ವೇಗದಿಂದ ಅಲ್ಲ. ಎರಡು ದೊಡ್ಡ ನಗರಗಳ ನಡುವಿನ ಹಳೇ ಲೈನು ಉಸಿರಾಡಲೂ ಜಾಗ ಇಲ್ಲದಷ್ಟು ತುಂಬಿತ್ತು. ವೇಗದ ರೈಲುಗಳನ್ನು ಹೊಸ ಹಳಿಗೆ ಹಾಕಿದ ಕೂಡಲೇ ಹಳೇ ಹಳಿಯಲ್ಲಿ ಲೋಕಲ್ ಗಾಡಿಗೂ ಗೂಡ್ಸ್ ಗಾಡಿಗೂ ಜಾಗ ಸಿಕ್ಕಿತು. ವೇಗದ ರೈಲು ಗೆಲ್ಲಬೇಕಾದರೆ ಲೈನು ತುಂಬಿರಬೇಕು, ಎರಡೂ ತುದಿಯಲ್ಲಿ ದೊಡ್ಡ ನಗರ ಇರಬೇಕು, ನಡುವೆ ಎರಡರಿಂದ ನಾಲ್ಕು ಗಂಟೆಯ ದಾರಿ ಇರಬೇಕು. ಮುಂಬೈ–ಅಹಮದಾಬಾದ್‌ನ 508 ಕಿ.ಮೀ.ಗೆ ಇದು ಮೂರೂ ಇದೆ. ಆ ಬುಲೆಟ್ ರೈಲಿಗೆ ಜಪಾನ್ ಕೊಟ್ಟ ಸಾಲದ ಬಡ್ಡಿಯೂ ಶೇ. 0.1 ಮಾತ್ರ. ಖರ್ಚು ಹಿಡಿತದಲ್ಲಿದ್ದರೆ ಅದು ಸಾರ್ಥಕವಾಗಬಹುದು ಅನ್ನುವುದು ನನ್ನ ಅಭಿಪ್ರಾಯ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2008ರಲ್ಲಿ ಜನ ಓಟು ಹಾಕಿ ಒಪ್ಪಿದ ಯೋಜನೆ ಖರ್ಚು ಏರಿ ಏರಿ ಇನ್ನೂ ಮುಗಿದಿಲ್ಲ. ಇಂಗ್ಲೆಂಡಿನವರು 2023ರಲ್ಲಿ ಎಚ್‌ಎಸ್2 ಅನ್ನುವ ವೇಗದ ರೈಲು ಯೋಜನೆಯ ಉತ್ತರದ ಭಾಗವನ್ನೇ ಕೈಬಿಟ್ಟರು. ಅರ್ಧಕ್ಕೆ ನಿಂತ ವೇಗದ ಹಳಿಯಷ್ಟು ದುಬಾರಿ ಬೇರೆ ಇಲ್ಲ.

ನಮ್ಮ ಜಿಲ್ಲೆಯವರಿಗೆ ರಾಜಧಾನಿ ಬಹಳ ದೂರ. ಸೆಕ್ರೆಟೇರಿಯಟ್‌ನಲ್ಲಿ ಒಂದು ಫೈಲು ಇದ್ದರೆ, ಅಲ್ಲಿನ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕಾದರೆ ಆ 4 ಗಂಟೆಯ ಬೆಲೆ ಏನೆಂದು ಹೋದವರಿಗೇ ಗೊತ್ತು. ಅದನ್ನು ಹಗುರವಾಗಿ ಮಾತಾಡಬಾರದು. ಆದರೆ ಮಂಜೇಶ್ವರ, ಉಪ್ಪಳ, ಕುಂಬಳೆಯವರು ದಿನಾ ಹೋಗುವುದು ಎಲ್ಲಿಗೆ? ಮಂಗಳೂರಿಗೆ. ಕಾಲೇಜಿಗೆ, ಆಸ್ಪತ್ರೆಗೆ, ಕೆಲಸಕ್ಕೆ. ಸಿಲ್ವರ್‌ಲೈನ್ ಕಾಸರಗೋಡಿಗೇ ನಿಲ್ಲುವುದಿತ್ತು. ಮಂಗಳೂರಿನವರೆಗೆ ಎಳೆಯುವ ಮಾತು 2022ರ ಸೆಪ್ಟೆಂಬರಿನಲ್ಲಿ ಎರಡು ರಾಜ್ಯದ ಮುಖ್ಯಮಂತ್ರಿಗಳ ನಡುವೆ ಬಂತು, ಕರ್ನಾಟಕ ಒಪ್ಪಲಿಲ್ಲ. ಕಾಞಂಗಾಡಿನಿಂದ ಕರ್ನಾಟಕದ ಕಾಣಿಯೂರಿಗೆ ಕೇಳಿದ್ದ ಹೊಸ ಲೈನಿಗೂ ಅವತ್ತು ಅದೇ ಗತಿಯಾಯಿತು. ಸೀಸನ್ ಟಿಕೆಟಿನ ಹುಡುಗಿಗೆ 200ರ ವೇಗದಿಂದ ಏನೂ ಆಗಬೇಕಿಲ್ಲ. ಬೆಳಗ್ಗೆ ಒಂದು ಗಾಡಿ ತಪ್ಪಿದರೆ ಅರ್ಧ ಗಂಟೆಯಲ್ಲಿ ಇನ್ನೊಂದು ಬರಬೇಕು. ಮಂಗಳೂರಿನ ಹೊರಗೆ ಸಿಗ್ನಲ್ ಕಾಯುತ್ತಾ ಗಾಡಿ ನಿಲ್ಲಬಾರದು. ಸ್ಟೇಷನ್ನಿನಲ್ಲಿ ಕಾಯುವ ಹೊತ್ತೂ ಪ್ರಯಾಣದ ಹೊತ್ತೇ.

ದುಬಾರಿ ರೈಲು ಕೆಲಸಕ್ಕೆ ನಾನು ವಿರೋಧಿ ಅಂತ ಭಾವಿಸಬೇಡಿ. ಒಂದು ದುಬಾರಿ ಕೆಲಸಕ್ಕೆ ಇವತ್ತೇ ಸಹಿ ಹಾಕಲು ನಾನು ತಯಾರು. ಅದು ಮಂಗಳೂರು–ಬೆಂಗಳೂರು ದಾರಿಯ ಶಿರಾಡಿ ಘಾಟಿಯದ್ದು. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವೆ ಸುಮಾರು 55 ಕಿ.ಮೀ. ಇದೆ, 57 ಸುರಂಗ ಇದೆ. 50 ಮೀಟರ್ ಹೋದರೆ 1 ಮೀಟರ್ ಏರುವ ಕಡಿದಾದ ದಾರಿ. ರೈಲು 30ರ ಆಸುಪಾಸಿನಲ್ಲಿ ಹೋಗಬೇಕು, ಅಂದರೆ 110 ನಿಮಿಷ. 2024ರ ಜುಲೈಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಮಣ್ಣು ಕುಸಿದು ದಿನಗಟ್ಟಲೆ ರೈಲೇ ಇರಲಿಲ್ಲ. ಏರು ಅರ್ಧ ಮಾಡಿ, ಉದ್ದದ ಸುರಂಗ ಕೊರೆದು ಹೊಸ ಹಳಿ ಹಾಕಿದರೆ ದಾರಿ ಉದ್ದವಾಗುತ್ತದೆ. 80 ಕಿ.ಮೀ. ಆಯಿತು ಅಂತಲೇ ಇಟ್ಟುಕೊಳ್ಳಿ. 80ರ ವೇಗದಲ್ಲಿ 60 ನಿಮಿಷ ಸಾಕು. ಹಳಿ 25 ಕಿ.ಮೀ. ಉದ್ದವಾದರೂ 50 ನಿಮಿಷ ಉಳಿಯಿತು. ಮಂಗಳೂರು ಬಂದರಿನ ಗೂಡ್ಸ್ ಗಾಡಿಗಳಿಗೆ ಹಿಂದಿನಿಂದ ತಳ್ಳುವ ಇಂಜಿನುಗಳ ಖರ್ಚೂ ಕಡಿಮೆಯಾಗುತ್ತದೆ. ಕಾಡು, ಬಂಡೆ, ನೀರಿನ ಸೆಲೆ ಎಲ್ಲ ಸರಿಯಾಗಿ ಪರೀಕ್ಷೆ ಮಾಡದೆ ಕೈ ಹಾಕಬಾರದು. ಅದಕ್ಕೇ ವರ್ಷಗಳು ಬೇಕು. ಆದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಎಷ್ಟು ಮನೆಯ ಮಕ್ಕಳು ಬೆಂಗಳೂರಿನಲ್ಲಿ ಇದ್ದಾರೆ ನೋಡಿ. ಮುಂದಿನ ಸಲ ಸಂಸದರೋ ರೈಲ್ವೆ ಅಧಿಕಾರಿಗಳೋ ನಿಮ್ಮೂರಿಗೆ ಬಂದಾಗ ಈ 55 ಕಿ.ಮೀ. ಬಗ್ಗೆ ಕೇಳಿ. ಎಷ್ಟು ಸ್ಪೀಡ್ ಹೋಗ್ತದೆ ಅಂತ ಅಲ್ಲ, ಸಮೀಕ್ಷೆಗೆ ಈ ಬಜೆಟ್ಟಿನಲ್ಲಿ ಎಷ್ಟು ಇಟ್ಟಿದ್ದೀರಿ ಅಂತ.