ಸಿಡಿ59 ಆ್ಯಂಟಿಬಾಡಿ ಮತ್ತು ಹಾಳೆ ಟೊಪ್ಪಿಯ ಐದು ಹೊಲಿಗೆ

ನಿನ್ನೆ ಸಂಜೆ ಕೊನೆಗೂ ಬ್ಲಾಟ್‌ನಲ್ಲಿ ಸಿಡಿ59 ಎಂಬ ಪ್ರೋಟೀನಿನ ಪಟ್ಟಿ ಮೂಡಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಜೆಲ್ಲಿನಲ್ಲಿ ಬೇರ್ಪಡಿಸಿ, ತೆಳು ಪೊರೆಗೆ ಇಳಿಸಿ, ಆ್ಯಂಟಿಬಾಡಿಯಿಂದ ಗುರುತಿಸುವುದು) ಮಾಡುವ ಕ್ರಮ ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ.

ಸಿಡಿ59ರ ಕೆಲಸ

ರೋಗಾಣುಗಳನ್ನು ಕೊಲ್ಲುವ ರಕ್ತದ ಕಾಂಪ್ಲಿಮೆಂಟ್ ಪ್ರೋಟೀನ್‌ಗಳಿಗೆ ತನ್ನದು, ಪರರದು ಎಂಬ ಭೇದ ಅಷ್ಟಾಗಿ ಇಲ್ಲ. ಅವುಗಳಲ್ಲಿ ಒಂದಾದ ಸಿ3 ಸದಾ ಸ್ವಲ್ಪ ಸ್ವಲ್ಪ ಸಕ್ರಿಯವಾಗುತ್ತಲೇ ಇರುತ್ತದೆ, ಹತ್ತಿರ ಸಿಕ್ಕ ಕೋಶಕ್ಕೆ ಅಂಟುತ್ತದೆ. ಕೊನೆಗೆ ಸಿ5ಬಿ, ಸಿ6, ಸಿ7, ಸಿ8 ಕೂಡಿಕೊಳ್ಳುತ್ತವೆ. ಅವುಗಳಿಗೆ ಹಲವು ಸಿ9 ಸೇರಿ, ಬಳೆಯಂತೆ ನಿಂತು, ಕೋಶದ ಪೊರೆಗೆ ತೂತು ಮಾಡುತ್ತವೆ.

ಶಿರಸಿ ಕಡೆಯ ತೋಟದ ಮನೆಯವರಿಗೆ ಇದು ಬೇಗ ತಿಳಿಯುತ್ತದೆ. ಆಷಾಢದ ಮಳೆ ಎಲ್ಲ ಅಡಿಕೆ ಕೊನೆಯ ಮೇಲೂ ಒಂದೇ ಸಮ ಸುರಿಯುತ್ತದೆ. ಕೊಟ್ಟೆ (ಮಳೆ ತಾಗದಂತೆ ಹಾಕುವ ಹೊದಿಕೆ) ಕಟ್ಟಿದ ಕೊನೆ ಕೊಳೆ ರೋಗದಿಂದ ಉಳಿದುಕೊಳ್ಳುತ್ತದೆ. ಸಿಡಿ59 ನಮ್ಮ ಕೋಶಕ್ಕೆ ಕಟ್ಟಿದ ಕೊಟ್ಟೆ. ಅದು ಸಿ8, ಸಿ9ಗಳನ್ನು ಹಿಡಿದು ಬಳೆ ಪೂರ್ತಿಯಾಗಲು ಬಿಡುವುದಿಲ್ಲ.

ಕೊಟ್ಟೆಗೆ ದಾರ ಬೇಕಲ್ವಾ? ಸಿಡಿ59ಕ್ಕೆ ಜಿಪಿಐ ಎಂಬ ಕೊಬ್ಬಿನ ದಾರ ಇದೆ. ಪಿಎನ್‌ಎಚ್ (ಪ್ಯಾರಾಕ್ಸಿಸ್ಮಲ್ ನಾಕ್ಟರ್ನಲ್ ಹಿಮೋಗ್ಲೋಬಿನ್ಯೂರಿಯಾ) ಕಾಯಿಲೆಯಲ್ಲಿ ಮೂಳೆಮಜ್ಜೆಯ ಕಾಂಡಕೋಶದ ಪಿಗ್-ಎ ಜೀನ್ ಕೆಟ್ಟಿರುತ್ತದೆ, ದಾರವೇ ತಯಾರಾಗುವುದಿಲ್ಲ. ಸಿಡಿ59ರ ಸ್ವಂತ ಜೀನ್ ಸರಿಯಾಗಿದ್ದರೂ ಅದು ಕೋಶದ ಮೇಲೆ ನಿಲ್ಲುವುದಿಲ್ಲ. ಅದೇ ದಾರದ, ಕಾಂಪ್ಲಿಮೆಂಟನ್ನು ತಡೆಯುವ ಇನ್ನೊಂದು ಪ್ರೋಟೀನ್ ಸಿಡಿ55 ಕೂಡ ಹೋಗುತ್ತದೆ. ಕೆಂಪು ರಕ್ತಕಣಗಳು ಒಡೆಯುತ್ತವೆ.

ಈ ಕಾಯಿಲೆಗೆ ಅಮೆರಿಕದಲ್ಲಿ 2007ರಲ್ಲಿ ಒಪ್ಪಿಗೆ ಸಿಕ್ಕ ಎಕುಲಿಜುಮ್ಯಾಬ್ ಕೂಡ ಆ್ಯಂಟಿಬಾಡಿಯೇ, ಆದರೆ ಅದು ಹಿಡಿಯುವುದು ಸಿ5 ಅನ್ನು. ನಮ್ಮ ಕೈಲಿರುವ ಸಿಡಿ59 ಆ್ಯಂಟಿಬಾಡಿ ಔಷಧಿ ಅಲ್ಲ. ಕೊಟ್ಟೆ ಇದೆಯೋ ಇಲ್ಲವೋ ಎಂದು ತೋರಿಸುವ ಲ್ಯಾಬಿನ ಸಾಧನ.

ನಾನು ಸಿಕ್ಕಿಬಿದ್ದ ಜಾಗ

ನಾನು ಬಳಸಿದ್ದು ಮೆಮ್-43 ಎಂಬ ಕ್ಲೋನ್, ಇಲಿಯ ಮೊನೊಕ್ಲೋನಲ್ (ಒಂದೇ ಗುರುತನ್ನು ಹಿಡಿಯುವ) ಆ್ಯಂಟಿಬಾಡಿ. ಸ್ಯಾಂಪಲ್ ಕೆಂಪು ರಕ್ತಕಣದ ಪೊರೆ. ಮೂರು ಸಲ ಮಾಡಿದೆ. ಮೂರೂ ಸಲ ಖಾಲಿ. ಅದೇ ಬ್ಲಾಟಿನ ಪೊರೆಯ ಮೇಲೆ, ಹೋಲಿಕೆಗೆ ನೋಡಿದ ಆ್ಯಕ್ಟಿನ್ ಎಂಬ ಪ್ರೋಟೀನಿನ ಪಟ್ಟಿ ದಪ್ಪಗೆ ಬಂದಿತ್ತು. ಹಾಗಾಗಿ ಟ್ರಾನ್ಸ್‌ಫರ್ (ಜೆಲ್ಲಿನಿಂದ ಪೊರೆಗೆ ಇಳಿಸಿದ್ದು) ಸರಿ, ಆ್ಯಂಟಿಬಾಡಿಯೇ ಕೆಟ್ಟಿದೆ ಅಂದುಕೊಂಡೆ. ಕಾರವಾರದಲ್ಲಿ ಜುಲೈ ಮಳೆಗೆ ಕರೆಂಟ್ ಹೋಗುವುದು ಇದ್ದದ್ದೇ, ಫ್ರಿಜ್ ಮೇಲೆ ಅನುಮಾನ ಬಂತು. ಆಮೇಲೆ, ಚಿಕ್ಕ ಪ್ರೋಟೀನ್ ಬ್ಲಾಟಿನ ಪೊರೆ ದಾಟಿ ಹೋಗುತ್ತಿರಬಹುದೆಂದು 0.2 ಮೈಕ್ರಾನ್ ರಂಧ್ರದ ಪೊರೆ ಹಾಕಿದೆ. ಮತ್ತೆ ಖಾಲಿ.

ಕಾರಣ ಸ್ಯಾಂಪಲ್ ಬಫರಿನಲ್ಲಿತ್ತು. ಟ್ಯೂಬಿನ ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯಂಥ ವಾಸನೆ. ಅದು ಬೀಟಾ-ಮರ್ಕ್ಯಾಪ್ಟೊಎಥನಾಲ್. ಈ ಕ್ಲೋನಿನ ಮಾಹಿತಿ ಹಾಳೆಯಲ್ಲಿ ಬ್ಲಾಟ್‌ಗೆ ರಿಡ್ಯೂಸ್ ಮಾಡದ (ಪ್ರೋಟೀನಿನ ಗಂಧಕದ ಕೊಂಡಿ ಬಿಚ್ಚದ) ಸ್ಯಾಂಪಲ್ ಬಳಸಿ ಎಂದು ಇದೆ. ಆ ಸಾಲು ಓದಿದ್ದೆ. ಅರ್ಥ ಮಾತ್ರ ಆಗಿರಲಿಲ್ಲ.

ಇಲ್ಲಿ ನಿಧಾನವಾಗಿ ಹೋಗೋಣ. ಸಿಡಿ59ರಲ್ಲಿ ಇರುವುದು ಬರೀ 77 ಅಮಿನೊ ಆಮ್ಲ. ಅದರಲ್ಲಿ 10 ಸಿಸ್ಟೀನ್ ಎಂಬ ಗಂಧಕವಿರುವ ಅಮಿನೊ ಆಮ್ಲ. ಅವು ಜೋಡಿಯಾಗಿ 5 ಡೈಸಲ್ಫೈಡ್ (ಗಂಧಕದ) ಕೊಂಡಿ ಹಾಕಿಕೊಂಡಿವೆ. ಅಡಿಕೆ ಕೊನೆ ಇಳಿಸುವ ಕೊನೆಗಾರರ ಹಾಳೆ ಟೊಪ್ಪಿ ನೆನಪಿಸಿಕೊಳ್ಳಿ. ಅಡಿಕೆ ಹಾಳೆಯನ್ನು ಮಡಿಸಿ ಹೊಲಿದರೆ ಅದು ಟೊಪ್ಪಿ. ಹೊಲಿಗೆ ಕತ್ತರಿಸಿದರೆ ಮತ್ತೆ ಸುಮ್ನೆ ಒಂದು ಹಾಳೆ. ಮೆಮ್-43 ಗುರುತಿಸುವುದು ಟೊಪ್ಪಿಯ ಆಕಾರವನ್ನು. ಬೀಟಾ-ಮರ್ಕ್ಯಾಪ್ಟೊಎಥನಾಲ್ ಐದೂ ಹೊಲಿಗೆ ಬಿಚ್ಚುತ್ತದೆ. ಪ್ರೋಟೀನ್ ಪೊರೆಯ ಮೇಲೆಯೇ ಇದೆ, ಆ್ಯಂಟಿಬಾಡಿಗೆ ಗುರುತು ಸಿಗುವುದಿಲ್ಲ. ನನ್ನ ಆ್ಯಕ್ಟಿನ್ ಆ್ಯಂಟಿಬಾಡಿ ಓದುವುದು ಬಿಚ್ಚಿದ ಸರದ ಒಂದು ತುಂಡನ್ನು, ಅದಕ್ಕೆ ಆಕಾರ ಬೇಕಿಲ್ಲ. ಹಾಗಾಗಿ ಆ್ಯಕ್ಟಿನ್ ಬಂತೆಂದು ಸಿಡಿ59 ಬಗ್ಗೆ ತೀರ್ಮಾನಿಸುವುದು ತಪ್ಪು.

ನನ್ನನ್ನು ಜಾಸ್ತಿ ಕಾಡಿದ ಪ್ರಶ್ನೆ ಇದು: ಎಸ್‌ಡಿಎಸ್ (ಸ್ಯಾಂಪಲ್ ಬಫರಿನ ಸಾಬೂನಿನಂಥ ರಾಸಾಯನಿಕ) ಹೇಗೂ ಪ್ರೋಟೀನನ್ನು ಬಿಚ್ಚುತ್ತದೆ, ಹಾಗಿದ್ದರೆ ಆಕಾರ ಉಳಿಯುವುದು ಹೇಗೆ? ಎಸ್‌ಡಿಎಸ್ ಟೊಪ್ಪಿಯನ್ನು ತುಳಿದು ಚಪ್ಪಟೆ ಮಾಡಬಹುದು. ಹೊಲಿಗೆ ಕತ್ತರಿಸುವ ಶಕ್ತಿ ಅದಕ್ಕಿಲ್ಲ. ಪೊರೆಗೆ ಬಂದು ಎಸ್‌ಡಿಎಸ್ ತೊಳೆದುಹೋದ ಮೇಲೆ, ಹೊಲಿಗೆ ಇರುವ ಟೊಪ್ಪಿ ಮತ್ತೆ ಟೊಪ್ಪಿಯಾಗಲು ಸಾಧ್ಯ. ಬಿಚ್ಚಿದ ಹಾಳೆಗೆ ಸಾಧ್ಯವಿಲ್ಲ. ಇದು ಹೊಳೆದ ಮೇಲೆ ಉಳಿದದ್ದೆಲ್ಲ ಸಲೀಸಾಯಿತು.

ಉಳಿದ ಎರಡು ಮಾತು

ಕೋಶಗಳನ್ನು ಒಂದೊಂದಾಗಿ ಲೇಸರ್ ಬೆಳಕಿನಲ್ಲಿ ನೋಡುವ ಫ್ಲೋ ಸೈಟೊಮೆಟ್ರಿಯಲ್ಲಿ ಈ ತೊಂದರೆಯೇ ಇಲ್ಲ. ಕೋಶದ ಮೇಲೆ ಟೊಪ್ಪಿ ಇದ್ದ ಹಾಗೇ ಇರುತ್ತದೆ. ಪಿಎನ್‌ಎಚ್ ಕೆಂಪು ಕಣಗಳನ್ನು ಅಲ್ಲಿ ಮೂರು ಬಗೆ ಮಾಡುತ್ತಾರೆ: ಸಿಡಿ59 ಪೂರ್ತಿ ಇರುವುದು ಒಂದನೇ ಬಗೆ, ಕಡಿಮೆ ಇರುವುದು ಎರಡನೇದು, ಇಲ್ಲದ್ದು ಮೂರನೇದು.

ಸಿಡಿ59ರ ಕೆಲಸವನ್ನೇ ತಡೆದು ನೋಡುವುದಾದರೆ ಜಾಗ್ರತೆ. ಆ್ಯಂಟಿಬಾಡಿಯ ಬಾಲವೇ ಸಿ1ಕ್ಯೂ ಎಂಬ ಕಾಂಪ್ಲಿಮೆಂಟ್ ಪ್ರೋಟೀನನ್ನು ಹಿಡಿದು ಕಾಂಪ್ಲಿಮೆಂಟ್ ಶುರು ಮಾಡಬಹುದು. ಆಗ ಕಣ ಒಡೆದದ್ದು ಯಾವುದರಿಂದ ಎಂದು ಹೇಳಲಾಗುವುದಿಲ್ಲ. ಬಾಲ ಕತ್ತರಿಸಿದ ತುಂಡನ್ನೇ ಬಳಸಬೇಕು.

ನಿನ್ನೆಯ ಪಟ್ಟಿ 20 ಕಿಲೋಡಾಲ್ಟನ್ ಹತ್ತಿರ ಬಂತು, ಸ್ವಲ್ಪ ಹರಡಿಕೊಂಡು. ಸಿಡಿ59ರ ಮೇಲಿನ ಸಕ್ಕರೆ ಸರಗಳು ಎಲ್ಲ ಅಣುಗಳಲ್ಲಿ ಒಂದೇ ಥರ ಇರುವುದಿಲ್ಲ, ಹಾಗಾಗಿ ಹರಡುತ್ತದೆ. ರಿಡ್ಯೂಸ್ ಮಾಡಿದ ಸ್ಯಾಂಪಲನ್ನೂ ಅದೇ ಜೆಲ್‌ನಲ್ಲಿ ಓಡಿಸುವಿರಾದರೆ ನಡುವೆ ಒಂದೆರಡು ಲೇನ್ ಖಾಲಿ ಬಿಡಿ. ಬೀಟಾ-ಮರ್ಕ್ಯಾಪ್ಟೊಎಥನಾಲ್ ಪಕ್ಕದ ಲೇನಿಗೂ ಹರಿದು ಹೋಗಿ ಅಲ್ಲಿನ ಹೊಲಿಗೆಯನ್ನೂ ಬಿಚ್ಚುತ್ತದೆ.